ಪಕ್ಷ ಯಾರು ಆರಿಸಿದ್ದು?

ಸಿಂಗಪುರದ ವಿದ್ಯಾರ್ಥಿಗಳ ವಾದಪಟುತ್ವ ಎಂದೊಡನೆ ನಮಗೆ ಸ್ಪರ್ಧೆಗಳೇ ನೆನಪಾಗುತ್ತವೆ. ಶಾಲಾ ಮಕ್ಕಳ ವಿಶ್ವ ಚರ್ಚಾಸ್ಪರ್ಧೆ 2002ರಲ್ಲೂ 2015ರಲ್ಲೂ ಇಲ್ಲೇ ನಡೆಯಿತು. ಆದರೆ ಈ ಕಥೆಗೆ ಹಳೆಯ ಅಧ್ಯಾಯವೊಂದಿದೆ.

ಆಗ ಸಿಂಗಪುರದಲ್ಲಿದ್ದ ಮಲಯಾ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಸೋಷಲಿಸ್ಟ್ ಕ್ಲಬ್ ಹುಟ್ಟಿತು. ಅದರ ಪತ್ರಿಕೆ ‘ಫಜರ್’, ಅಂದರೆ ಮಲಯ ಭಾಷೆಯಲ್ಲಿ ಬೆಳಗಿನ ಜಾವ. ಏಷ್ಯಾದಲ್ಲಿ ಪಾಶ್ಚಾತ್ಯರ ಸೇನಾನೀತಿಯನ್ನು ಟೀಕಿಸಿದ ಲೇಖನಕ್ಕಾಗಿ 1954ರ ಮೇ ತಿಂಗಳಲ್ಲಿ 8 ವಿದ್ಯಾರ್ಥಿಗಳ ಮೇಲೆ ರಾಜದ್ರೋಹದ ಆರೋಪ ಬಿತ್ತು. ಲಂಡನ್ನಿನ ಬ್ಯಾರಿಸ್ಟರ್ ಡಿ. ಎನ್. ಪ್ರಿಟ್ ವಾದಿಸಿದರು, ಜೊತೆಗಿದ್ದ ತರುಣ ವಕೀಲ ಲೀ ಕ್ವಾನ್ ಯೂ. ಆಗಸ್ಟಿನಲ್ಲಿ ಎಲ್ಲರೂ ಬಿಡುಗಡೆಯಾದರು.

ವಿಶ್ವ ಸ್ಪರ್ಧೆಯಲ್ಲಿ ಪರವೋ ವಿರೋಧವೋ ಬೇರೆಯವರು ಹಂಚುತ್ತಾರೆ. ಭಾಷಣಕ್ಕೆ 8 ನಿಮಿಷ. ಸೋತರೆ ಪದಕ ತಪ್ಪೀತು, ಅಷ್ಟೆ. ಆ ಎಂಟು ಮಂದಿ ತಮ್ಮ ಪಕ್ಷವನ್ನು ತಾವೇ ಆರಿಸಿದ್ದರು; ಸೋತಿದ್ದರೆ ಸೆರೆಮನೆ. ಎದುರಾಳಿಯ ಮಾತನ್ನು ಅರಿಯಲು ಮೊದಲನೆಯದು ಬೇಕು, ನಮ್ಮ ಮಾತಿಗೆ ನಿಲ್ಲಲು ಎರಡನೆಯದು.

ಇಲ್ಲಿನ ಶಾಲೆಗಳಲ್ಲಿ ಕನ್ನಡ ಎರಡನೆಯ ಭಾಷೆಯಾಗಿ ಇಲ್ಲ. ನಮ್ಮ ಮಕ್ಕಳು ವಾದಿಸುವುದು ಇಂಗ್ಲಿಷಿನಲ್ಲೇ. ಕನ್ನಡದ ಚರ್ಚೆಗೆ ಉಳಿದಿರುವ ವೇದಿಕೆ ಮನೆಯ ಊಟದ ಮೇಜು. ಅಲ್ಲಿ ಅವರು ಕನ್ನಡದಲ್ಲೇ ನಮ್ಮನ್ನು ವಿರೋಧಿಸಿದರೆ, “ದೊಡ್ಡವರಿಗೆ ಎದುರುತ್ತರ ಕೊಡಬೇಡ” ಎನ್ನದೆ ಪೂರ್ತಿ ಕೇಳೋಣ.