ವಂಶಾವಳಿಯಿಂದ ವಂಶವಾಹಿಯವರೆಗೆ: ಆಲ್‌ಪೋರ್ಟ್ ವ್ಯಾಧಿಯ ಶೋಧದ ಚರಿತ್ರೆ

ರೋಗಗಳಿಗೆ ಅವುಗಳನ್ನು ವರ್ಣಿಸಿದ ವೈದ್ಯರ ಹೆಸರನ್ನಿಡುವ ಪದ್ಧತಿ ವೈದ್ಯಶಾಸ್ತ್ರದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆ ವೈದ್ಯರ ಮುಂದೆ ಕುಳಿತು ತಮ್ಮ ಮನೆತನದ ಸಾವುನೋವುಗಳನ್ನು ನೆನೆದು ಹೇಳಿದವರು ಮಾತ್ರ ಚರಿತ್ರೆಯಲ್ಲಿ ಅನಾಮಿಕರಾಗಿಯೇ ಉಳಿಯುತ್ತಾರೆ. ಮೂತ್ರಪಿಂಡ, ಕಿವಿ, ಕಣ್ಣು ಈ ಮೂರನ್ನೂ ಬಾಧಿಸುವ ಆನುವಂಶಿಕವಾದ ಆಲ್‌ಪೋರ್ಟ್ ವ್ಯಾಧಿ ಇದಕ್ಕೊಂದು ನಿದರ್ಶನ. ಈ ವ್ಯಾಧಿಯ ತಿಳಿವಳಿಕೆ ಬೆಳೆದುಬಂದ ಬಗೆಯನ್ನೂ, ಆ ಚರಿತ್ರೆಯಲ್ಲಿ ಹೆಣ್ಣುಮಕ್ಕಳ ನೋವು ದೀರ್ಘಕಾಲ ಗಣನೆಗೆ ಬಾರದೆ ಹೋದ ಬಗೆಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1902ರಲ್ಲಿ ಲಂಡನ್ನಿನ ವೈದ್ಯ ಲೆನಾರ್ಡ್ ಗಥ್ರಿ, ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುವ ದೋಷ ಒಂದೇ ಕುಟುಂಬದ ಹಲವರಲ್ಲಿರುವುದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದನು. 1912ರಲ್ಲಿ ಕೆಂಡಾಲ್ ಮತ್ತು ಹರ್ಟ್ಸ್ ಅದೇ ಕುಟುಂಬವನ್ನು ಮತ್ತೆ ಪರೀಕ್ಷಿಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ತನ್ನ ಜರ್ಮನ್ ಮೂಲದ ಹೆಸರನ್ನು ಬದಲಿಸಿಕೊಂಡು ಆರ್ಥರ್ ಹರ್ಸ್ಟ್ ಎನಿಸಿದ ಈ ಹರ್ಟ್ಸನೇ 1923ರಲ್ಲಿ ಆ ಮನೆತನದ ಮುಂದಿನ ವೃತ್ತಾಂತವನ್ನು ಬರೆದನು. ದಕ್ಷಿಣ ಆಫ್ರಿಕಾದಲ್ಲಿ 1880ರಲ್ಲಿ ಜನಿಸಿ, ಎಡಿನ್‌ಬರೋದಲ್ಲಿ ವ್ಯಾಸಂಗ ಮಾಡಿ, ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿದ್ದ ಆರ್ಥರ್ ಸೆಸಿಲ್ ಆಲ್‌ಪೋರ್ಟ್ 1927ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನಕ್ಕೂ ಆಧಾರ ಇದೇ ಕುಟುಂಬ. ಕಾಲು ಶತಮಾನದ ಅವಧಿಯಲ್ಲಿ ವೈದ್ಯರು ಬದಲಾದರು. ಮನೆತನ ಮಾತ್ರ ಒಂದೇ ಆಗಿತ್ತು.

ಆಲ್‌ಪೋರ್ಟನ ವೈಶಿಷ್ಟ್ಯವಿರುವುದು ಎರಡು ಸಂಗತಿಗಳನ್ನು ಒಟ್ಟಿಗೆ ಕಂಡದ್ದರಲ್ಲಿ. ಮೂತ್ರಪಿಂಡದ ರೋಗವೂ ಕಿವುಡುತನವೂ ಒಂದೇ ವ್ಯಾಧಿಯ ಎರಡು ಮುಖಗಳೆಂದು ಆತ ಗುರುತಿಸಿದನು. ಗಂಡಸರು ಅಲ್ಪಾಯುಷಿಗಳಾದರೆ ಹೆಂಗಸರು ವೃದ್ಧಾಪ್ಯದವರೆಗೂ ಬದುಕುವರೆಂಬುದನ್ನೂ ದಾಖಲಿಸಿದನು. ಕಣ್ಣಿನ ದೋಷ ಈ ವರ್ಣನೆಗೆ ಸೇರಿದ್ದು 1950ರ ದಶಕದಲ್ಲಿ, ಎಜ್ರಾ ಸೋಹರ್ ಅವರ ಅಧ್ಯಯನದಿಂದ. ಕಣ್ಣಿನ ಮಸೂರದ ಮುಂಭಾಗ ಶಂಕುವಿನಂತೆ ಉಬ್ಬಿ ದೃಷ್ಟಿ ಕೆಡುವುದು ಇದರ ವಿಶಿಷ್ಟ ಲಕ್ಷಣ. ವ್ಯಾಧಿಗೆ ಆಲ್‌ಪೋರ್ಟನ ಹೆಸರು ನಿಂತದ್ದು 1961ರಲ್ಲಿ. ಆ ವೇಳೆಗೆ ಆತ ತೀರಿಕೊಂಡು ಎರಡು ವರ್ಷಗಳಾಗಿದ್ದವು.

ದೂರದೂರದ ಈ ಮೂರು ಅಂಗಗಳಿಗೆ ಇರುವ ನಂಟೇನು ಎಂಬ ಪ್ರಶ್ನೆಗೆ ಉತ್ತರ ಹಂತಹಂತವಾಗಿ ದೊರೆಯಿತು. 1970ರ ದಶಕದ ಆರಂಭದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ನೋಡಿದಾಗ, ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ತೆಳುಪೊರೆ ಪದರಪದರವಾಗಿ ಸೀಳಿರುವುದು ಕಂಡುಬಂದಿತು. ಆ ಪೊರೆಯನ್ನು ಹೆಣೆಯುವುದು ನಾಲ್ಕನೆಯ ಬಗೆಯ ಕೊಲಾಜೆನ್ ಎಂಬ ಪ್ರೋಟೀನು. ಒಳಗಿವಿಯ ಶಂಖದಲ್ಲೂ ಕಣ್ಣಿನ ಮಸೂರದ ಹೊದಿಕೆಯಲ್ಲೂ ಇರುವುದು ಇದೇ ಹೆಣಿಗೆ. 1990ರಲ್ಲಿ ಎಕ್ಸ್ ವರ್ಣತಂತುವಿನ ಮೇಲಿನ ವಂಶವಾಹಿಯೊಂದರಲ್ಲಿಯೂ, 1994ರಲ್ಲಿ ಎರಡನೆಯ ವರ್ಣತಂತುವಿನ ಎರಡು ವಂಶವಾಹಿಗಳಲ್ಲಿಯೂ ಈ ದೋಷದ ಮೂಲ ಪತ್ತೆಯಾಯಿತು.

ಎಕ್ಸ್ ವರ್ಣತಂತುವಿನ ಶೋಧ ಆಲ್‌ಪೋರ್ಟನ ಅವಲೋಕನವನ್ನು ಸಮರ್ಥಿಸಿತು. ಗಂಡಸಿಗಿರುವುದು ಒಂದೇ ಎಕ್ಸ್, ಹೆಂಗಸಿಗೆ ಎರಡು. ಆದರೆ ಇದರಿಂದಲೇ ಹೆಂಗಸು ಕೇವಲ 'ವಾಹಕಿ' ಎಂಬ ಭಾವನೆಯೂ ಬಲವಾಯಿತು. ಇದು ಪೂರ್ಣಸತ್ಯವಲ್ಲ. ಹೆಂಗಸಿನ ಪ್ರತಿಯೊಂದು ಜೀವಕೋಶದಲ್ಲಿಯೂ ಎರಡು ಎಕ್ಸ್‌ಗಳ ಪೈಕಿ ಒಂದು ನಿಷ್ಕ್ರಿಯವಾಗುತ್ತದೆ. ಯಾವುದೆಂಬುದು ಕೋಶದಿಂದ ಕೋಶಕ್ಕೆ ಭಿನ್ನ. ಆದ್ದರಿಂದ ದೋಷವುಳ್ಳ ಎಕ್ಸ್ ಅನೇಕ ಕೋಶಗಳಲ್ಲಿ ಕಾರ್ಯನಿರತವಾಗಿಯೇ ಇರುತ್ತದೆ. ಯುರೋಪಿನ ಕುಟುಂಬಗಳನ್ನು ಕುರಿತು 2000 ಮತ್ತು 2003ರಲ್ಲಿ ಪ್ರಕಟವಾದ ಅಧ್ಯಯನಗಳಂತೆ, 40 ವರ್ಷದೊಳಗೆ ಮೂತ್ರಪಿಂಡ ಪೂರ್ಣ ವಿಫಲವಾಗುವ ಸಂಭವ ಗಂಡಸರಲ್ಲಿ ಸುಮಾರು ಶೇ. 90, ಹೆಂಗಸರಲ್ಲಿ ಸುಮಾರು ಶೇ. 12. ವಯಸ್ಸಾದಂತೆ ಹೆಂಗಸರಲ್ಲಿ ಈ ಪ್ರಮಾಣ ಏರುತ್ತದೆ. 2018ರಲ್ಲಿ ತಜ್ಞರ ತಂಡವೊಂದು 'ವಾಹಕಿ' ಎಂಬ ಪದವನ್ನು ಕೈಬಿಟ್ಟು ಇವರನ್ನೂ ರೋಗಿಗಳೆಂದೇ ಪರಿಗಣಿಸಬೇಕೆಂದು ಸೂಚಿಸಿತು. ಆಲ್‌ಪೋರ್ಟನ ಲೇಖನಕ್ಕೆ ಆಗ 91 ವರ್ಷಗಳಾಗಿದ್ದವು.

ಇದು ಬರಿಯ ಪರಿಭಾಷೆಯ ಚರ್ಚೆಯಲ್ಲ. ಭಾರತದಲ್ಲಿ ಮೂತ್ರಪಿಂಡದ ಕಸಿ ಬಹುಮಟ್ಟಿಗೆ ಜೀವಂತ ಬಂಧುಗಳ ದಾನವನ್ನು ಅವಲಂಬಿಸಿದೆ. ಅಂತಹ ದಾನಿಗಳಲ್ಲಿ ಹೆಚ್ಚಿನವರು ಹೆಂಗಸರು. ಮಗನಿಗೆ ರೋಗ ಬಂದರೆ ಮೊದಲು ಮುಂದೆ ಬರುವವಳು ತಾಯಿ. ಎಕ್ಸ್ ವರ್ಣತಂತುವಿನ ಮೂಲಕ ಬಂದ ವ್ಯಾಧಿಯಾದರೆ ಆ ದೋಷ ಸಾಮಾನ್ಯವಾಗಿ ಅವಳಲ್ಲಿಯೂ ಇರುತ್ತದೆ. ಅವಳನ್ನು ನಿರೋಗಿಯೆಂದು ಭಾವಿಸಿ ಒಂದು ಮೂತ್ರಪಿಂಡವನ್ನು ಪಡೆದರೆ, ಉಳಿದೊಂದರ ಭವಿಷ್ಯ ಅನಿಶ್ಚಿತವಾಗುತ್ತದೆ. ಆದಕಾರಣವೇ ಅವಳ ದಾನವನ್ನು ಬೇರೆ ಮಾರ್ಗವಿಲ್ಲದಾಗ, ಕೂಲಂಕಷ ಪರೀಕ್ಷೆಯ ನಂತರವೇ ಆಲೋಚಿಸಬೇಕೆಂಬುದು ಇಂದಿನ ಅಭಿಮತ.

ಈ ವ್ಯಾಧಿಯನ್ನು ನಿರ್ಮೂಲ ಮಾಡುವ ಔಷಧ ಇನ್ನೂ ಇಲ್ಲ. ಆದರೆ ರಾಮಿಪ್ರಿಲ್‌ನಂತಹ ರಕ್ತದೊತ್ತಡದ ಔಷಧಗಳನ್ನು ಬೇಗನೆ ಆರಂಭಿಸಿದರೆ ಮೂತ್ರಪಿಂಡದ ವೈಫಲ್ಯವನ್ನು ವರ್ಷಗಳ ಕಾಲ ಮುಂದೂಡಬಹುದೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬೇಗನೆ ಆರಂಭಿಸಲು ಬೇಗನೆ ತಿಳಿಯಬೇಕು. ಹಾಗೆ ತಿಳಿಯುವ ಮಾರ್ಗ ಗಥ್ರಿಯ ಕಾಲದ್ದೇ ಆಗಿದೆ: ಒಬ್ಬನ ಮೂತ್ರದಲ್ಲಿ ರಕ್ತ ಕಂಡಾಗ ಮನೆಯವರೆಲ್ಲರ ಮೂತ್ರವನ್ನೂ ಪರೀಕ್ಷಿಸುವುದು, ಕಿವುಡಾಗಿದ್ದ ಸೋದರಮಾವನನ್ನೂ ಅಕಾಲದಲ್ಲಿ ತೀರಿಕೊಂಡ ಅಜ್ಜನನ್ನೂ ಕುರಿತು ವಿಚಾರಿಸುವುದು. ಆ ವಿಚಾರಣೆಯಲ್ಲಿ ತಾಯಿಯ ಆರೋಗ್ಯವನ್ನೂ ಸೇರಿಸುವುದು ಇಂದಿನ ವೈದ್ಯರ ಹೊಣೆ.