ದ್ರವ್ಯವೇದ ಮತ್ತು ಭಾವವೇದ: ಒಂದು ಪದದ ಸುತ್ತಣ ಸಾವಿರ ವರ್ಷಗಳ ಚರ್ಚೆ

ದೇವ, ಶಾಸ್ತ್ರ, ಗುರು ಎಂಬ ಮೂರನ್ನೂ ಒಟ್ಟಿಗೆ ಪೂಜಿಸುವುದು ನಮ್ಮ ಪರಂಪರೆ. ನೂತನ ಜಿನಬಿಂಬದ ಪ್ರತಿಷ್ಠೆಯು ನೆರವೇರುತ್ತಿರುವ ಈ ಮಂಗಳ ಸಂದರ್ಭದಲ್ಲಿ ಶಾಸ್ತ್ರವನ್ನೂ ಸ್ಮರಿಸುವುದು ಉಚಿತವಾದುದು. ಬಿಂಬವನ್ನು ಶಿಲ್ಪಿಯು ಕಡೆದು ಕೊಡುವನು. ಶಾಸ್ತ್ರವನ್ನು ಲಿಪಿಕಾರನು ಉಳಿಸಿ ಕೊಡುವನು. ಹಾಗೆ ಉಳಿದು ಬಂದ ಒಂದೇ ಒಂದು ಪದದ ಇತಿಹಾಸವನ್ನು ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ.

ಸ್ತ್ರೀ ಎಂದರೆ ಯಾರು, ಪುರುಷನೆಂದರೆ ಯಾರು, ಇದರ ನಿರ್ಣಯವು ದೇಹದಿಂದಲೋ ಅಂತರಂಗದ ಭಾವದಿಂದಲೋ ಎಂಬ ಪ್ರಶ್ನೆಯು ಇಂದು ಲೋಕದಲ್ಲೆಲ್ಲ ಎದ್ದಿದೆ. 2014ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಮೂರನೆಯ ಲಿಂಗಕ್ಕೆ ಮಾನ್ಯತೆಯನ್ನಿತ್ತು ತೀರ್ಪು ನೀಡಿತು. 2019ರಲ್ಲಿ ಈ ವಿಷಯವಾಗಿ ಸಂಸತ್ತು ಶಾಸನವನ್ನು ರಚಿಸಿತು. ಇದು ಹೊಸಗಾಲದ ಪ್ರಶ್ನೆಯೆಂದು ಹಲವರು ಭಾವಿಸಿದ್ದಾರೆ. ಆದರೆ ಜೈನಾಚಾರ್ಯರು ಈ ಪ್ರಶ್ನೆಯನ್ನು ಸಾವಿರ ವರ್ಷಗಳಿಗೂ ಹಿಂದೆಯೇ ಕರ್ಮಸಿದ್ಧಾಂತದ ಒರೆಗಲ್ಲಿಗೆ ಹಚ್ಚಿ ನೋಡಿದ್ದರು.

ಎರಡು ಬಗೆಯ ವೇದ

ನಮ್ಮ ಸಿದ್ಧಾಂತ ಗ್ರಂಥಗಳಲ್ಲಿ 'ವೇದ' ಎಂಬ ಪಾರಿಭಾಷಿಕ ಪದವು ಸ್ತ್ರೀತ್ವ, ಪುರುಷತ್ವ, ನಪುಂಸಕತ್ವಗಳನ್ನು ಸೂಚಿಸುತ್ತದೆ. ಇದರಲ್ಲಿ ಎರಡು ಬಗೆ. ನಾಮಕರ್ಮದ ಉದಯದಿಂದ ಉಂಟಾಗುವ ಅಂಗೋಪಾಂಗ ರಚನೆಯೇ ದ್ರವ್ಯವೇದ. ಚಾರಿತ್ರಮೋಹನೀಯದಲ್ಲಿ ಸೇರಿದ ನೋಕಷಾಯದ ಉದಯದಿಂದ ಅಂತರಂಗದಲ್ಲಿ ಮೂಡುವ ಅಭಿಲಾಷೆಯೇ ಭಾವವೇದ. ಒಂದು ದೇಹದ ಮಾತು, ಇನ್ನೊಂದು ಭಾವದ ಮಾತು. ಎರಡಕ್ಕೂ ಕಾರಣವಾದ ಕರ್ಮಗಳೇ ಬೇರೆ ಬೇರೆ.

ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಕಾಲದಲ್ಲಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 'ಗೊಮ್ಮಟಸಾರ'ದ ಜೀವಕಾಂಡದಲ್ಲಿ ಇದನ್ನು ಸ್ಫುಟವಾಗಿ ವಿವರಿಸಿದ್ದಾರೆ. ದ್ರವ್ಯವೇದ ಮತ್ತು ಭಾವವೇದಗಳು ಪ್ರಾಯಶಃ ಒಂದೇ ಆಗಿರುತ್ತವೆ, ಆದರೆ ಕೆಲವೆಡೆ ಭಿನ್ನವಾಗಿರುವುದೂ ಉಂಟು ಎಂಬುದು ಅವರ ನಿರ್ಣಯ. ಪುರುಷವೇದದ ತಾಪವನ್ನು ಹುಲ್ಲಿನ ಬೆಂಕಿಗೂ, ಸ್ತ್ರೀವೇದದ ತಾಪವನ್ನು ಬೆರಣಿಯ ಬೆಂಕಿಗೂ, ನಪುಂಸಕವೇದದ ತಾಪವನ್ನು ಇಟ್ಟಿಗೆಯ ಆವಿಗೆಯ ಬೆಂಕಿಗೂ ಅವರು ಹೋಲಿಸಿದ್ದಾರೆ. ಕ್ರೋಧಾದಿ ಕಷಾಯಗಳು ಅಂತರ್ಮುಹೂರ್ತದಲ್ಲಿ ಬದಲಾಗುವಂತೆ ಭಾವವೇದವು ಬದಲಾಗುವುದಿಲ್ಲ, ಜನನದಿಂದ ಮರಣದವರೆಗೆ ಒಂದೇ ಆಗಿರುತ್ತದೆ ಎಂಬುದು ಧವಲಾಕಾರರ ಮತ.

ಒಂದು ಸೂತ್ರ, ಒಂದು ಪದ

ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರ 'ಷಟ್ಖಂಡಾಗಮ'ಕ್ಕೆ ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ 'ಧವಲಾ' ಟೀಕೆಯನ್ನು ಮುಗಿಸಿದರು. ಆ ಆಗಮದ ಮೊದಲ ಭಾಗವಾದ ಸತ್ಪ್ರರೂಪಣೆಯ 93ನೆಯ ಸೂತ್ರವು, ಮಾನುಷಿಯು ಯಾವ ಯಾವ ಗುಣಸ್ಥಾನಗಳಲ್ಲಿ ನಿಯಮದಿಂದ ಪರ್ಯಾಪ್ತಳಾಗಿರುತ್ತಾಳೆಂದು ಹೇಳುತ್ತದೆ. ಅದರಲ್ಲಿ 'ಸಂಜದ', ಎಂದರೆ ಸಂಯತ, ಎಂಬ ಪದವಿದ್ದರೆ ಮಾನುಷಿಗೆ ಮುನಿಯ ಸಕಲಸಂಯಮವೂ ಸಲ್ಲುತ್ತದೆಂದಾಯಿತು. ಹಾಗಾದರೆ ಅದೇ ದೇಹದಲ್ಲಿ ಮುಕ್ತಿಯೂ ಸಲ್ಲಬೇಕಲ್ಲವೇ?

ಈ ಆಕ್ಷೇಪವನ್ನು ವೀರಸೇನರು ಮರೆಮಾಚಲಿಲ್ಲ. ತಾವೇ ಎತ್ತಿಕೊಂಡು ಸಮಾಧಾನವನ್ನೂ ಹೇಳಿದರು. ವಸ್ತ್ರತ್ಯಾಗವು ಸಾಧ್ಯವಿಲ್ಲದ ಕಾರಣ ದ್ರವ್ಯಸ್ತ್ರೀಯು ಐದನೆಯ ಗುಣಸ್ಥಾನವನ್ನು ಮೀರಲಾರಳು; ಆಗಮವು ಇಲ್ಲಿ ಹೇಳಿದ್ದು ಪುರುಷದೇಹದಲ್ಲಿದ್ದು ಸ್ತ್ರೀವೇದದ ಭಾವವುಳ್ಳ ಜೀವವನ್ನು ಎಂಬುದು ಅವರ ಉತ್ತರ. ಹೀಗೆ ಒಂದು ಪದವನ್ನು ಗೌರವಿಸುವ ಸಲುವಾಗಿ ದೇಹ ಮತ್ತು ಭಾವಗಳ ಭೇದವು ಅತಿ ಸೂಕ್ಷ್ಮವಾಗಿ ಚರ್ಚಿತವಾಯಿತು.

ಯಾಪನೀಯರ ಪ್ರತಿವಾದ

ಇದನ್ನು ಎಲ್ಲರೂ ಒಪ್ಪಲಿಲ್ಲ. ಕರ್ನಾಟಕದಲ್ಲಿಯೇ ಯಾಪನೀಯ ಸಂಘವೆಂಬುದಿತ್ತು. ಐದನೆಯ ಶತಮಾನದ ಕದಂಬರ ಹಲಸಿಯ ತಾಮ್ರಶಾಸನಗಳಲ್ಲಿ ಇದರ ಹೆಸರು ಬಂದಿದೆ. ಆ ಸಂಘದ ಮುನಿಗಳು ನಮ್ಮವರಂತೆ ದಿಗಂಬರರು. ಆದರೆ ಶ್ವೇತಾಂಬರರಂತೆ ಸ್ತ್ರೀಮುಕ್ತಿಯನ್ನು ಅಂಗೀಕರಿಸಿದವರು. ನೃಪತುಂಗ ಅಮೋಘವರ್ಷನ ಕಾಲದಲ್ಲಿದ್ದ ವೈಯಾಕರಣ ಶಾಕಟಾಯನಾಚಾರ್ಯರು ಈ ಸಂಘದವರೇ. ಅವರು 'ಸ್ತ್ರೀನಿರ್ವಾಣ ಪ್ರಕರಣ'ವನ್ನು ರಚಿಸಿದರು.

ವ್ಯಾಕರಣಕಾರರಾದ ಅವರ ವಾದವು ಶಬ್ದಾರ್ಥದಿಂದಲೇ ಹೊರಡುತ್ತದೆ. 'ಸ್ತ್ರೀ' ಎಂಬ ಶಬ್ದಕ್ಕೆ ಲೋಕಪ್ರಸಿದ್ಧವಾದ ಮುಖ್ಯಾರ್ಥವಿರುವಾಗ ಅದನ್ನು ಬಿಟ್ಟು ಗೌಣಾರ್ಥವನ್ನು ಹಿಡಿಯುವುದು ನ್ಯಾಯವಲ್ಲ ಎಂದರು. ಸ್ತ್ರೀಯು ಏಳನೆಯ ನರಕಕ್ಕೆ ಹೋಗುವಷ್ಟು ತೀವ್ರ ಪರಿಣಾಮವುಳ್ಳವಳಲ್ಲ, ಆದುದರಿಂದ ಮೋಕ್ಷಕ್ಕೂ ಅಸಮರ್ಥಳು ಎಂಬ ತರ್ಕಕ್ಕೆ, ಕೆಳಗೆ ಹೋಗುವ ಶಕ್ತಿಯು ಭಿನ್ನವಾದ ಪ್ರಾಣಿಗಳು ಮೇಲಣ ಒಂದೇ ಸ್ವರ್ಗವನ್ನು ಸೇರುವುದುಂಟು, ಆದುದರಿಂದ ಇಲ್ಲಿ ವ್ಯಾಪ್ತಿಯಿಲ್ಲ ಎಂದು ಉತ್ತರಿಸಿದರು. ಅನಂತರ ಪ್ರಭಾಚಂದ್ರಾಚಾರ್ಯರು 'ನ್ಯಾಯಕುಮುದಚಂದ್ರ' ಮತ್ತು 'ಪ್ರಮೇಯಕಮಲಮಾರ್ತಂಡ'ಗಳಲ್ಲಿ ಸ್ತ್ರೀಮುಕ್ತಿವಾದವನ್ನು ಸವಿಸ್ತಾರವಾಗಿ ಖಂಡಿಸಿ ದಿಗಂಬರ ಪಕ್ಷವನ್ನು ಸ್ಥಾಪಿಸಿದರು. ಇವೆಲ್ಲವೂ ಮುನಿಗಳು ಮುನಿಗಳಿಗೆ ಬರೆದ ಗ್ರಂಥಗಳು. ಯಾರ ವಿಷಯವಾಗಿ ಈ ಚರ್ಚೆ ನಡೆಯಿತೋ ಆ ಆರ್ಯಿಕೆಯರ ಮಾತು ಇವುಗಳಲ್ಲಿ ಕೇಳಿಬರುವುದಿಲ್ಲ ಎಂಬುದನ್ನು ನಾವು ಮರೆಯಬಾರದು.

ಮೂಡಬಿದಿರೆಯ ಓಲೆ

ಶತಮಾನಗಳು ಕಳೆದವು. ಧವಲೆಯ ತಾಳೆಯೋಲೆಯ ಪ್ರತಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಅಲ್ಲಿಂದ ನಕಲಾಗಿ ಉತ್ತರದೇಶಕ್ಕೆ ಹೋದ ಕಾಗದದ ಪ್ರತಿಗಳ ಆಧಾರದ ಮೇಲೆ ಡಾ. ಹೀರಾಲಾಲ್ ಜೈನ್ ಅವರು 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟವನ್ನು ಪ್ರಕಟಿಸಿದರು. ಆ ಪ್ರತಿಗಳ 93ನೆಯ ಸೂತ್ರದಲ್ಲಿ 'ಸಂಜದ' ಪದವಿರಲಿಲ್ಲ. ಟೀಕೆಯ ವಾದವನ್ನು ನೋಡಿದರೆ ಆ ಪದವು ಇರಲೇಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ವಿದ್ವಾಂಸರಲ್ಲಿ ದೊಡ್ಡ ವಿವಾದವೆದ್ದಿತು. ಆ ಪದವನ್ನು ಸೇರಿಸಿದರೆ ಸ್ತ್ರೀಮುಕ್ತಿಯನ್ನು ಒಪ್ಪಿದಂತಾಗುವುದೆಂದು ಕೆಲವರು ಆತಂಕಪಟ್ಟರು. ಕೊನೆಗೆ ಮೂಡಬಿದಿರೆಯ ಮೂಲ ಓಲೆಯನ್ನು ನೋಡಲಾಗಿ, ಪದವು ಅಲ್ಲಿ ಇದ್ದೇ ಇತ್ತು.

ನಮ್ಮ ಪೂರ್ವಿಕರ ಹಿರಿಮೆಯು ಇಲ್ಲಿದೆ. ಹಳಗನ್ನಡ ಲಿಪಿಯಲ್ಲಿ ಅದನ್ನು ಬರೆದ ಲಿಪಿಕಾರನು ದಿಗಂಬರ ಪರಂಪರೆಯವನು. ಪ್ರತಿಪಕ್ಷಕ್ಕೆ ಅನುಕೂಲವಾಗಬಹುದಾದ ಪದವೆಂದು ಅವನು ಅದನ್ನು ಕೈಬಿಡಲಿಲ್ಲ. ಇನ್ನೊಂದು ಸಂಗತಿಯೂ ಸ್ಮರಣೀಯ. ಮೂಡಬಿದಿರೆಯ ಧವಲಾ ಪ್ರಶಸ್ತಿಯಲ್ಲಿ, ಗ್ರಂಥವನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಶಾಸ್ತ್ರದಾನವಾಗಿ ಒಪ್ಪಿಸಿದ ಶ್ರಾವಿಕೆ ದೇಮಿಯಕ್ಕನ ಹೆಸರಿದೆ. ಮಹಾಬಂಧದ ಪ್ರತಿಯನ್ನು ಬರೆಸಿಕೊಟ್ಟವಳು ಮಲ್ಲಿಕಬ್ಬೆ. ವಾದಗ್ರಂಥಗಳಲ್ಲಿ ಸ್ತ್ರೀಯರ ಮಾತಿಲ್ಲದಿದ್ದರೂ, ವಾದಕ್ಕೆ ಆಧಾರವಾದ ಆಗಮವು ನಮ್ಮ ಕೈಸೇರಿದ್ದು ಸ್ತ್ರೀಯರ ದಾನದಿಂದ.

ಉಪಸಂಹಾರ

ಮೂಡಬಿದಿರೆಯ ಸಮೀಪದ ನೆಲ್ಲಿಕಾರಿನಲ್ಲಿ 1923ರಲ್ಲಿ ಜನಿಸಿದ ಪ್ರೊ. ಪದ್ಮನಾಭ ಜೈನಿಯವರು 1991ರಲ್ಲಿ ಈ ವಾದಗ್ರಂಥಗಳನ್ನು ಇಂಗ್ಲಿಷಿಗೆ ಅನುವಾದಿಸಿ ಅಮೇರಿಕೆಯಲ್ಲಿ ಪ್ರಕಟಿಸಿದ ಮೇಲೆ, ಲೋಕದ ವಿದ್ವಾಂಸರು ಇತ್ತ ಗಮನ ಹರಿಸಿದರು. ಆದರೆ ಭಾವವೇದವನ್ನು ಇಂದಿನವರು ಹೇಳುವ ಲಿಂಗಭಾವನೆಯೊಡನೆ ಪೂರ್ಣವಾಗಿ ಸಮೀಕರಿಸುವುದು ಸರಿಯಲ್ಲ. ಶಾಸ್ತ್ರದ ದೃಷ್ಟಿಯಲ್ಲಿ ಭಾವವೇದವು ಮೋಹದ ಒಂದು ರೂಪ. ಅದು ಸ್ತ್ರೀಯದಾಗಲಿ, ಪುರುಷನದಾಗಲಿ, ನಪುಂಸಕನದಾಗಲಿ, ಒಂಬತ್ತನೆಯ ಗುಣಸ್ಥಾನದಲ್ಲಿ ಉಪಶಮವನ್ನೋ ಕ್ಷಯವನ್ನೋ ಹೊಂದತಕ್ಕದ್ದು. ಅಲ್ಲಿಂದ ಮುಂದೆ ಜೀವವು ಅವೇದಿ. ಸಿದ್ಧರಿಗೆ ಯಾವ ವೇದವೂ ಇಲ್ಲ.

ಆದರೂ ಈ ಇತಿಹಾಸದಿಂದ ನಾವು ಕಲಿಯಬೇಕಾದುದಿದೆ. ದೇಹವೊಂದು, ಭಾವವೊಂದು ಆಗಿರುವ ಜೀವಗಳುಂಟೆಂದು ನಮ್ಮ ಆಚಾರ್ಯರು ಅರಿತಿದ್ದರು. ಆ ಜೀವಗಳನ್ನು ಹಾಸ್ಯಕ್ಕೆ ಗುರಿಮಾಡದೆ ಗುಣಸ್ಥಾನಗಳ ಲೆಕ್ಕದಲ್ಲಿ ಸೇರಿಸಿ, ಮೋಕ್ಷಮಾರ್ಗದಲ್ಲಿ ಅವಕ್ಕೂ ಸ್ಥಾನವನ್ನು ಹೇಳಿದರು. ಅಂಥವರು ಇಂದು ನಮ್ಮ ಮನೆಗಳಲ್ಲಿ, ನಮ್ಮ ಊರುಗಳಲ್ಲಿ ಕಂಡುಬಂದಾಗ ಅವರನ್ನು ಹೀಗಳೆಯುವುದು ಆ ಆಚಾರ್ಯರ ಶಿಷ್ಯರಿಗೆ ಶೋಭಿಸುವುದಿಲ್ಲ. ಒಪ್ಪಿಗೆಯಾಗದ ಪದವನ್ನೂ ಅಳಿಸದೆ ಕಾಪಾಡಿದ ಪರಂಪರೆಗೆ, ಒಪ್ಪಿಗೆಯಾಗದ ಮನುಷ್ಯರನ್ನು ಕಾಪಾಡುವುದು ಕಷ್ಟವಾಗಬಾರದು. ಪ್ರತಿಷ್ಠೆಗೊಂಡ ಜಿನಬಿಂಬದ ಸನ್ನಿಧಿಯಲ್ಲಿ ಈ ವಿವೇಕವು ನಮ್ಮೆಲ್ಲರಿಗೂ ಲಭಿಸಲಿ.