ಹಾಜರಿಯಲ್ಲಿ ಈಗ ಕೇಳದ ಹೆಸರುಗಳು

ಗುಂಡಪ್ಪ, ತಿಪ್ಪಣ್ಣ, ಸಾಯಬಣ್ಣ, ಹುಸೇನಪ್ಪ, ಭಾಗಮ್ಮ, ಸಾಕವ್ವ. ಆಳಂದ ಸೀಮೆಯ ಶಾಲೆಗಳಲ್ಲಿ ಹಾಜರಿ ಕರೆಯುವಾಗ ಒಂದು ಕಾಲಕ್ಕೆ ಕೇಳುತ್ತಿದ್ದ ಇಂಥ ಹೆಸರುಗಳು ಈಗ ಹೆಚ್ಚಾಗಿ ಅಜ್ಜ-ಅಜ್ಜಿಯರಿಗೇ ಉಳಿದಿವೆ. ಅರಸರ ಇತಿಹಾಸ ಶಾಸನಗಳಲ್ಲಿದೆ. ನಮ್ಮ ಹಿರಿಯರ ಇತಿಹಾಸ ಅವರು ಮಕ್ಕಳಿಗೆ ಇಟ್ಟ ಹೆಸರುಗಳಲ್ಲಿದೆ.

ಕೆಲವು ಹೆಸರುಗಳು ಭಯದಿಂದ ಹುಟ್ಟಿದವು. ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ತಿಪ್ಪಣ್ಣ ಅಥವಾ ತಿಪ್ಪವ್ವ ಎನ್ನುತ್ತಿದ್ದರು. ಕಸವೆಂದು ತಿಳಿದು ಸಾವು ಬಿಟ್ಟುಹೋಗಲಿ ಎಂಬ ಆಸೆ ಅದು. ಕಲ್ಲುಗುಂಡಿನಂತೆ ಗಟ್ಟಿಯಾಗಿ ಉಳಿಯಲೆಂದು ಗುಂಡಪ್ಪ. ಸಾಲಾಗಿ ಹೆಣ್ಣು ಹುಟ್ಟಿದರೆ, ಇನ್ನು ಸಾಕೆಂದು ಸಾಕವ್ವ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು; 2020ರಲ್ಲಿ ಆ ಸಂಖ್ಯೆ 28. ಲಸಿಕೆ ಮತ್ತು ಆಸ್ಪತ್ರೆಯ ಹೆರಿಗೆ ಬಂದ ಮೇಲೆ ಆ ಭಯ ಕಡಿಮೆಯಾಯಿತು. ಈ ಹೆಸರುಗಳು ಮರೆಯಾದದ್ದು ಸಂತೋಷದ ಸಂಗತಿಯೇ.

ಹರಕೆಯ ಹೆಸರುಗಳ ಮಾತು ಬೇರೆ. ಕಲಬುರಗಿಯ ಶರಣಬಸವೇಶ್ವರರಿಂದ ಶರಣಪ್ಪ, ಶರಣಮ್ಮ; ಘತ್ತರಗಿಯ ಭಾಗ್ಯವಂತಿಯಿಂದ ಭಾಗಪ್ಪ, ಭಾಗಮ್ಮ; ಗಾಣಗಾಪುರದ ದತ್ತನಿಂದ ದತ್ತಪ್ಪ. ಹಾಗೆಯೇ ಬಂದೇನವಾಜರ ದರ್ಗಾಕ್ಕೋ ಮೊಹರಮ್ಮಿನ ಅಲಾಯಿ ದೇವರಿಗೋ ಬೇಡಿಕೊಂಡು ಹುಟ್ಟಿದ ಹಿಂದೂ ಮನೆಯ ಮಕ್ಕಳು ಖಾಜಪ್ಪ, ಹುಸೇನಪ್ಪ, ಫಕೀರಪ್ಪ, ಸಾಯಬಣ್ಣ ಆದರು. ಹುಸೇನನಿಗೆ ‘ಅಪ್ಪ’ನನ್ನು, ಸಾಹೇಬನಿಗೆ ‘ಅಣ್ಣ’ನನ್ನು ಸೇರಿಸಲು ನಮ್ಮವರು ಯಾರನ್ನೂ ಕೇಳಲಿಲ್ಲ. ಕಡಕೋಳ ಮಡಿವಾಳಪ್ಪನವರಿಗೆ ಚನ್ನೂರ ಜಲಾಲಸಾಹೇಬರು ಶಿಷ್ಯರಾದ ನೆಲ ಇದು. ಕೂಡಿ ಬಾಳಿದ್ದಕ್ಕೆ ಇಂಥ ಒಂದೊಂದು ಹೆಸರೂ ಸಾಕ್ಷಿ.

ಸಿನಿಮಾ, ಟಿವಿ ಬಂದವು. ದುಡಿಯಲು ಪುಣೆ, ಮುಂಬೈ, ಬೆಂಗಳೂರಿಗೆ ಹೋದೆವು. ಅಲ್ಲಿ ಹಳ್ಳಿ ಹೆಸರೆಂದು ನಗುವವರು ಸಿಕ್ಕರು. ಮಕ್ಕಳಿಗೆ ಎರಡಕ್ಷರದ ಹೆಸರು ಇಟ್ಟೆವು. ಅದು ತಪ್ಪಲ್ಲ, ಪ್ರತಿ ತಲೆಮಾರಿಗೂ ತನ್ನ ಆಸೆಗಳಿರುತ್ತವೆ. ಆದರೆ ಹೆಸರಿನ ಹಿಂದಿನ ಕಾರಣ ಹೇಳುವವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನದೊಂದು ವಿನಂತಿ. ಹಳೆಯ ದಾಖಲಾತಿ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವಾಗ, ಗುರುಗಳು ಅಂದು ಕನ್ನಡದಲ್ಲಿ ಬರೆದ ಹೆಸರನ್ನು ಇದ್ದಂತೆಯೇ ಉಳಿಸೋಣ, ತಿದ್ದಿ ನಾಜೂಕು ಮಾಡುವುದು ಬೇಡ. ಈಗ ಓದುವ ಮಕ್ಕಳು ಮನೆಯ ಹಿರಿಯರನ್ನು ಕೇಳಲಿ: “ಅಜ್ಜಾ, ನಿನಗ ಈ ಹೆಸರ ಯಾಕ ಇಟ್ಟಾರ?” ಉತ್ತರವನ್ನು ಬರೆದಿಡಲಿ. ನಮ್ಮ ಊರಿನ ಇತಿಹಾಸ ಅಲ್ಲಿಂದಲೇ ಆರಂಭವಾಗಲಿ.